ಅಧ್ಯಾಪಿಕೆಗೂ ಒಂದು ಮೊದಲ ದಿನವುಂಟು

ಜೂನ್ ತಿಂಗಳ ಮಳೆಯೊಡನೆ ನಮ್ಮ ಶಿಶುವರ್ಗದ ಬಾಗಿಲು ತೆರೆಯುತ್ತದೆ. ತಾಯಿಯ ಸೆರಗನ್ನು ಬಿಡಲೊಲ್ಲದ ಕಂದಮ್ಮಗಳಿಗಾಗಿ ಅಂದು ನಾವು ತೋರಣ ಕಟ್ಟುತ್ತೇವೆ. ಕೈಗೆ ಕಲ್ಲುಸಕ್ಕರೆಯಿತ್ತು, ಅಳುವವರನ್ನು ಎತ್ತಿ ಆಡಿಸುತ್ತೇವೆ. ಮಗುವಿಗೆ ಮೊದಲ ದಿನವು ಕಠಿನವೆಂಬುದನ್ನು ನಾವು ಬಲ್ಲೆವು. ಆದರೆ ಅಧ್ಯಾಪಿಕೆಗೂ ಒಂದು ಮೊದಲ ದಿನವುಂಟೆಂಬುದನ್ನು ಬಹುಕಾಲ ಮರೆತಿದ್ದೆವು.

ಕೆಲವು ವರ್ಷಗಳ ಹಿಂದೆ ತರುಣಿಯೊಬ್ಬರು ನಮ್ಮಲ್ಲಿಗೆ ಬಂದರು. ಅವರ ಊರು ಕಾರವಾರದ ಕಡೆ. ಮುಂಬಯಿಯ ಲೋಕಲ್ ಗಾಡಿಯ ನೂಕುನುಗ್ಗಲು ಅವರಿಗೆ ಹೊಸತು. ನಾವು ಹೂಗುಚ್ಛವನ್ನಿತ್ತು, ನಾಲ್ಕು ಒಳ್ಳೆಯ ಮಾತನ್ನಾಡಿ, ಹಾಜರಿ ಪುಸ್ತಕವನ್ನೂ ಕಪಾಟಿನ ಬೀಗದ ಕೈಯನ್ನೂ ಒಪ್ಪಿಸಿ, ನಮ್ಮ ನಮ್ಮ ತರಗತಿಗಳಿಗೆ ತೆರಳಿದೆವು. ಸ್ವಾಗತವು ಮುಗಿಯಿತೆಂದೇ ನಮ್ಮ ಭಾವನೆ. ಯಾವ ಮಗುವಿನ ಮನೆಮಾತು ತುಳು, ಯಾವುದರದು ಮರಾಠಿ, ಯಾವ ಮಗು ಬಾಯ್ಬಿಡದೆ ಮೂಲೆಯಲ್ಲಿ ನಿಂತರೆ ಒಂದಕ್ಕೆ ಹೋಗಬೇಕೆಂದರ್ಥ—ಇದಾವುದನ್ನೂ ನಾವು ತಿಳಿಸಲಿಲ್ಲ. ಮಧ್ಯಾಹ್ನ ಹೋಗಿ ನೋಡಿದರೆ, ಅಳುವ ಮಕ್ಕಳ ನಡುವೆ ಅವರೂ ಕಣ್ಣೊರಸಿಕೊಳ್ಳುತ್ತಿದ್ದರು. ದೀಪಾವಳಿಯ ರಜೆಗೆ ಊರಿಗೆ ಹೋದವರು ಮರಳಿ ಬರಲಿಲ್ಲ. ಈ ಕಾಲದವರಿಗೆ ತಾಳ್ಮೆ ಸಾಲದೆಂದು ನಾವು ಸಮಾಧಾನ ಹೇಳಿಕೊಂಡೆವು. ಆದರೆ ಮಕ್ಕಳು "ನಮ್ಮ ಟೀಚರ್ ಎಲ್ಲಿ?" ಎಂದು ದಿನದಿನವೂ ಕೇಳತೊಡಗಿದಾಗ ಆ ಸಮಾಧಾನವು ನಿಲ್ಲಲಿಲ್ಲ. ತಾಳ್ಮೆ ಸಾಲದಾದುದು ಯಾರಿಗೆ?

ನಮ್ಮ ವೃತ್ತಿಯ ಹಿರಿಯರು ಇದನ್ನರಿತಿದ್ದರು. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಅವರೊಡನೆ ದುಡಿದು ಪಳಗಿದ ಬಳಿಕವೇ ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಬಾಲವಾಡಿಯ ಕಾರ್ಯವನ್ನಾರಂಭಿಸಿದರು. ಅಲ್ಲಿ ಅವರ ಜೊತೆಗೂಡಿದ ಅನುತಾಯಿ ವಾಘರು ಮುಂದೆ ಆ ಕಾರ್ಯಕ್ಕೇ ಬಾಳನ್ನು ಸವೆಸಿದರು. ದೀಪವು ದೀಪದಿಂದ ಹೊತ್ತಿಕೊಳ್ಳಬೇಕಲ್ಲದೆ ಹಾಜರಿ ಪುಸ್ತಕದಿಂದಲ್ಲ.

ಆದುದರಿಂದ ಮರುವರ್ಷ ಇನ್ನೊಬ್ಬರು ಬಂದಾಗ ನಾವು ಕ್ರಮವನ್ನು ಬದಲಿಸಿದೆವು. ಮೊದಲ ವಾರ ಅವರಿಗೆ ಯಾವ ಹೊಣೆಯೂ ಇಲ್ಲ. ನಮ್ಮಲ್ಲೊಬ್ಬರ ಪಕ್ಕದಲ್ಲಿ ಕುಳಿತು ಮಕ್ಕಳನ್ನು ನೋಡುವುದಷ್ಟೇ ಕೆಲಸ. ಎರಡನೆಯ ವಾರ ಕಥೆ ಹೇಳುವುದು ಅವರ ಪಾಲು, ಉಳಿದುದು ನಮ್ಮದು. ಮಧ್ಯಾಹ್ನ ಬುತ್ತಿಯನ್ನು ಒಟ್ಟಿಗೆ ಬಿಚ್ಚಿ, ಅವರು ಕೇಳಲು ಸಂಕೋಚಪಡುವುದನ್ನು ನಾವೇ ಮೊದಲು ಹೇಳುತ್ತಿದ್ದೆವು. ನಮ್ಮ ಮೊದಲ ದಿನಗಳ ಫಜೀತಿಗಳನ್ನೂ ಮರೆಮಾಚಲಿಲ್ಲ. ಹೊಸಬರಿಂದ ನಾವೂ ಕಲಿತೆವು: ಅಳುವ ಮಗುವಿನ ಕೈಗೆ ನೀರಿನ ಚೊಂಬನ್ನಿತ್ತು ಗಿಡಕ್ಕೆ ಹನಿಸಲು ಹಚ್ಚುವ ಉಪಾಯವು ನಮಗಾರಿಗೂ ಹೊಳೆದಿರಲಿಲ್ಲ.

ಅವರು ಇಂದಿಗೂ ನಮ್ಮೊಡನಿದ್ದಾರೆ. ಈ ಜೂನಿನಲ್ಲಿ ಮತ್ತೊಬ್ಬ ಹೊಸಬರು ಹೊಸ್ತಿಲಲ್ಲಿ ಅಳುಕುತ್ತ ನಿಂತಾಗ, ಎದ್ದು ಹೋಗಿ ಕೈಹಿಡಿದು ಕರೆತಂದವರು ಅವರೇ. ಊರಿಗೆ ಹೋಗಿ ಮರಳದ ಆ ಸೋದರಿಯು ಎಲ್ಲಿದ್ದರೂ ಸುಖವಾಗಿರಲಿ. ನಮಗೆ ಸ್ವಾಗತಿಸುವುದನ್ನು ಕಲಿಸಿದವರು ಅವರು.