ಗಂಜಿಯಲ್ಲ, ಕಂಜಿ

ಸಂಘದ ವಾಚನಾಲಯದಲ್ಲಿ ಒಂದು ಸಂಜೆ, “ನಾವೀಗ ಕಂಜಿ ಶುರು ಮಾಡಿದ್ದೇವೆ” ಎಂದಾಗ ಎದುರು ಕುಳಿತ ಮಿತ್ರರು, “ಒಳ್ಳೆಯದಾಯಿತು, ಈ ವಯಸ್ಸಿಗೆ ಜೀರ್ಣಕ್ಕೆ ಹಗುರ” ಎಂದರು. ಅವರಿಗೆ ಕೇಳಿಸಿದ್ದು ಗಂಜಿ. ನಾವು ಹೇಳಿದ್ದು ಜಪಾನೀಯರು ಚೀನದಿಂದ ತಂದುಕೊಂಡ ಅಕ್ಷರಗಳ ವಿಷಯ. ನಮ್ಮಿಬ್ಬರಲ್ಲಿ ಒಬ್ಬರಿಗೆ ಎಪ್ಪತ್ತೊಂದು, ಇನ್ನೊಬ್ಬರಿಗೆ ಅರವತ್ತಾರು. ಪುಣೆಗೆ ಬಂದು ನಾಲ್ವತ್ತು ವರ್ಷವಾದರೂ ಮರಾಠಿಯಲ್ಲಿ ಲಿಂಗ ತಪ್ಪುವ ಇವರಿಗೆ ಇದೇಕೆ ಬೇಕಿತ್ತು ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ.

ಕಾರಣ ಒಂದು ಕಾರ್ಡು. ಮಗ, ಸೊಸೆ ನಗೋಯಾದಲ್ಲಿದ್ದಾರೆ. ಮೊಮ್ಮಗಳು ಅಲ್ಲಿಯ ಶಾಲೆಯಲ್ಲಿ ಎರಡನೆಯ ಇಯತ್ತೆ. ಸೆಪ್ಟೆಂಬರಿನ ಮೂರನೆಯ ಸೋಮವಾರ ಆ ದೇಶದಲ್ಲಿ ಹಿರಿಯರನ್ನು ಗೌರವಿಸುವ ದಿನ. ಎಷ್ಟೋ ಶಾಲೆಗಳಲ್ಲಿ ಮಕ್ಕಳಿಂದ ಅಜ್ಜ-ಅಜ್ಜಿಯರಿಗೆ ಕಾಗದ ಬರೆಸುತ್ತಾರೆ. ನಮಗೂ ಬಂತು. ಆರು ಸಾಲು, ಎಲ್ಲ ಜಪಾನಿಯಲ್ಲಿ. ನೆರೆಮನೆಯ ಹುಡುಗ ಫೋನಿನ ಕ್ಯಾಮೆರಾ ಹಿಡಿದ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಇಂಗ್ಲಿಷ್ ಮೂಡಿತು. ಅರ್ಥವೇನೋ ಆಯಿತು. ಆದರೆ ಹಿಂದೆ ಊರಲ್ಲಿ ಓದುಬಾರದ ಮುದುಕಿಯರು ಟಪಾಲಿನವನಿಂದ ಕಾಗದ ಓದಿಸಿಕೊಂಡು, ಆಮೇಲೆ ಒಳಗೆ ಹೋಗಿ ಅದನ್ನೇ ತಿರುವಿ ತಿರುವಿ ನೋಡುತ್ತಿದ್ದರಲ್ಲ, ಹಾಗಾಯಿತು ನಮ್ಮ ಪಾಡು. ಇನ್ನೊಂದು ಮಾತೂ ಇತ್ತು. ಭಾನುವಾರದ ವಿಡಿಯೋ ಮಾತುಕತೆಯಲ್ಲಿ ಆಕೆಯ ಕನ್ನಡ ತಿಂಗಳಿಂದ ತಿಂಗಳಿಗೆ ಸಣ್ಣದಾಗುತ್ತಿತ್ತು. “ಊಟ ಆಯ್ತಾ?” ಎಂಬುದು ಮುಗಿದ ಮೇಲೆ ಎರಡೂ ಕಡೆ ತಡಕಾಟ.

ಮೊದಲು ಕಲಿಯಬೇಕಾದವು ಹಿರಗಾನ, ಕತಕಾನ. ತಲಾ 46 ಮೂಲಾಕ್ಷರ. ಅಲ್ಲಿ ಹೆದರಿಕೆಯಿಲ್ಲ. ಅ ಇ ಉ ಎ ಒ, ಆಮೇಲೆ ಕ ಕಿ ಕು ಕೆ ಕೊ. ಬೌದ್ಧ ಪಂಡಿತರ ಮೂಲಕ ಸಂಸ್ಕೃತದ ವರ್ಣಮಾಲೆಯ ನೆರಳು ಅಷ್ಟು ದೂರ ಹೋಗಿದೆ. ಕಂಜಿಯ ಮಾತು ಬೇರೆ. ಸರಕಾರ 2010ರಲ್ಲಿ ಪರಿಷ್ಕರಿಸಿದ ನಿತ್ಯಬಳಕೆಯ ಪಟ್ಟಿಯಲ್ಲಿ 2,136 ಇವೆ. ಪ್ರಾಥಮಿಕ ಶಾಲೆಯ ಆರು ವರ್ಷಕ್ಕೆ 1,026. ಒಂದನೆಯದಕ್ಕೆ 80, ಎರಡನೆಯದಕ್ಕೆ 160. ಅಂದರೆ ಮೊಮ್ಮಗಳ ಸಮಕ್ಕೆ ಬರಲು ನಮಗೆ 240 ಬೇಕು.

ಪುಣೆಯಲ್ಲಿ ಜಪಾನಿ ತರಗತಿಗಳಿಗೆ ಬರವಿಲ್ಲ. ಬರವಿದ್ದದ್ದು ಸಂಜೆಯ ಆ ಸಂದಣಿಯಲ್ಲಿ ರಸ್ತೆ ದಾಟುವ ಧೈರ್ಯಕ್ಕೆ. ಹೀಗಾಗಿ ಅಂತರಜಾಲವೇ ಗುರುಗಳಾಯಿತು.

ಕನ್ನಡದಲ್ಲಿ ಅಕ್ಷರ ಕಂಡರೆ ಉಚ್ಚಾರ ಗೊತ್ತು, ಉಚ್ಚಾರ ಗೊತ್ತಾದರೆ ನಿಘಂಟಿನ ಪುಟ ಗೊತ್ತು. ಓದಲಿಕ್ಕೇ ಬಾರದ ಅಕ್ಷರವನ್ನು ಎಲ್ಲಿ ಹುಡುಕುವುದು? ಮುದ್ರಿತ ಕೋಶದಲ್ಲಾದರೆ ಅದರ ಮೂಲಾಂಗ ಯಾವುದೆಂದು ಗುರುತಿಸಬೇಕು (ಸಂಪ್ರದಾಯದಂತೆ ಇವು 214), ಉಳಿದ ಗೆರೆಗಳನ್ನು ಎಣಿಸಬೇಕು. ಒಂದು ಗೆರೆ ತಪ್ಪಿದರೆ ಬೇರೆ ಊರಿನ ಬಸ್ಸು ಹತ್ತಿದಂತೆ. ‘ಜಿಶೋ’ ಎಂಬ ತಾಣದಲ್ಲಿ ಕಣ್ಣಿಗೆ ಕಂಡ ಅಂಗಗಳನ್ನು ಒಂದೊಂದಾಗಿ ಒತ್ತುತ್ತ ಹೋದರೆ ಅಕ್ಷರ ತಾನಾಗಿ ಮುಂದೆ ಬರುತ್ತದೆ. ಬೆರಳಿನಿಂದ ಗೀಚಿದರೂ ನಡೆಯುತ್ತದೆ. ಇದರ ಹಿಂದಿರುವುದು ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದ ಜಿಮ್ ಬ್ರೀನ್ ಎಂಬವರು 1991ರಲ್ಲಿ ಆರಂಭಿಸಿದ ಕೋಶ. ಜಪಾನೀಯರಲ್ಲದ ಒಬ್ಬರು ಹಿಡಿದ ಕೆಲಸಕ್ಕೆ ಅನೇಕರು ಕೈಗೂಡಿಸಿದರು. ಕಾಸಿಲ್ಲದೆ ಎಲ್ಲರ ಬಳಕೆಗೂ ಬಿಟ್ಟರು. ವಿ. ಕೃಷ್ಣ ಅವರು ದಶಕಗಟ್ಟಲೆ ಕೂಡಿಹಾಕಿದ ಕನ್ನಡ-ಇಂಗ್ಲಿಷ್ ಶಬ್ದಕೋಶ 2019ರಲ್ಲಿ ‘ಅಲರ್’ ಎಂದು ಹೀಗೆಯೇ ಅಂತರಜಾಲಕ್ಕೆ ಬಂತು. ಇಂಥ ಮನುಷ್ಯರು ಅಲ್ಲಲ್ಲಿ ಇರುತ್ತಾರೆ.

ಹುಡುಕುವುದು ಇಷ್ಟು ಸುಲಭವಾದದ್ದೇ ನಮಗೆ ಮುಳುವಾಯಿತು. ಬೆಳಿಗ್ಗೆ ಹುಡುಕಿದ್ದನ್ನು ಸಂಜೆಗೆ ಮತ್ತೆ ಹುಡುಕುತ್ತಿದ್ದೆವು. ಅದಕ್ಕೆ ಮದ್ದು ‘ಅನ್ಕಿ’. ಹೆಸರಿನ ಅರ್ಥವೇ ಬಾಯಿಪಾಠ. ಮರೆಯುವ ಹೊತ್ತಿಗೆ ಸರಿಯಾಗಿ ಪ್ರಶ್ನೆಯ ಚೀಟಿ ಎದುರು ಹಿಡಿಯುತ್ತದೆ, ಬಲ್ಲದ್ದನ್ನು ದೂರ ಸರಿಸುತ್ತದೆ. ಒಳ್ಳೆಯ ಮಾಸ್ತರರೇ, ಆದರೆ ರಜೆ ಕೊಡುವುದಿಲ್ಲ. ಮದುವೆಯೊಂದಕ್ಕೆ ಧಾರವಾಡಕ್ಕೆ ಹೋಗಿ ಹತ್ತು ದಿನ ಬಿಟ್ಟು ಬಂದರೆ ನೂರೆಂಬತ್ತು ಚೀಟಿ ಬಾಕಿ! ಬ್ಯಾಂಕಿನ ಸಾಲಕ್ಕಾದರೂ ಅಷ್ಟು ಹೆದರಿದವರಲ್ಲ ನಾವು.

ಕೆಲವು ಅಕ್ಷರ ತಾವೇ ಮನಸ್ಸಿಗೆ ಅಂಟಿದವು. ಮೂರು ಮರ ಬರೆದರೆ ಕಾಡು. ಮನುಷ್ಯನ ಪಕ್ಕದಲ್ಲಿ ಮರ ಬರೆದರೆ ವಿಶ್ರಾಂತಿ. ಕಾಟ ಕೊಟ್ಟದ್ದು ಹುಟ್ಟು, ಬದುಕು ಎಂಬ ಅರ್ಥದ, ಐದೇ ಗೆರೆಯ ಒಂದು ಅಕ್ಷರ. ಗುರು ಎಂಬರ್ಥದ ‘ಸೆನ್ಸೇ’ಯಲ್ಲಿ ಅದು ‘ಸೇ’. ಹುಟ್ಟುವುದಕ್ಕೆ ‘ಉ’, ಬದುಕುವುದಕ್ಕೆ ‘ಇ’, ಹಸಿಯದು ಎನ್ನುವಾಗ ‘ನಮ’. ಬರೆದಂತೆ ಓದಿ ಬೆಳೆದ ನಮ್ಮ ನಾಲಿಗೆಗೆ ಇದು ಅನ್ಯಾಯವೆನ್ನಿಸಿತು.

ಒಂದು ಭಾನುವಾರ ಸ್ಲೇಟಿನ ಮೇಲೆ ಬಲ, ಎಡ ಎಂಬ ಎರಡು ಅಕ್ಷರ ಬರೆದು ಮೊಮ್ಮಗಳಿಗೆ ತೋರಿಸಿದೆವು. ಎರಡರ ತಲೆಯೂ ಒಂದೇ: ಒಂದು ಅಡ್ಡಗೆರೆ, ಅದನ್ನು ಕಡಿದು ಎಡಕ್ಕಿಳಿಯುವ ಓರೆಗೆರೆ.

“ಅಜ್ಜಾ, ಬಲ ತಪ್ಪು.”

“ಸರಿಯಾಗಿಯೇ ಇದೆಯಲ್ಲ ಪುಟ್ಟಿ?”

“ಓರೆ ಮೊದಲು. ಎಡಕ್ಕೆ ಅಡ್ಡ ಮೊದಲು.”

ಆಕೆ ಮಲಗಿದ ಮೇಲೆ ಗೆರೆಗಳ ಕ್ರಮ ತೋರಿಸುವ ‘ಕಂಜಿ ವಿಜಿ’ ಸಂಗ್ರಹದ ಚಿತ್ರ ತೆಗೆದು ನೋಡಿದರೆ ಅವಳದೇ ಸರಿ. ತಿಂಗಳುಗಟ್ಟಲೆ ನೋಡಿಕೊಂಡೇ ಬರೆದಿದ್ದೆವು. ಆದ ಅಕ್ಷರ ನೋಡಿದ್ದೆವು, ಆಗುವುದನ್ನು ನೋಡಿರಲಿಲ್ಲ. ಅಂದಿನಿಂದ ಅವಳಿಗೆ ನಮ್ಮ ತಪ್ಪು ಹಿಡಿಯುವುದು ಭಾನುವಾರದ ಆಟ. ಕರೆ ಹತ್ತು ನಿಮಿಷದಿಂದ ನಾಲ್ವತ್ತಕ್ಕೆ ಹೋಯಿತು. ಬೈಯುವುದು ಮಾತ್ರ ಅಚ್ಚ ಕನ್ನಡದಲ್ಲಿ.

ಎಂಟು ತಿಂಗಳ ಮೇಲೆ ಆ ಕಾರ್ಡನ್ನು ಮತ್ತೆ ತೆಗೆದೆವು. ಕೊನೆಯ ಸಾಲಿನಲ್ಲಿ ಅದೇ ಐದು ಗೆರೆಯ ಅಕ್ಷರ, ಅದರ ಮುಂದೆ ‘ಉದ್ದ’ ಎಂಬುದು. ‘ಸೇ’ ಎಂದು ಓದಹೋಗಿ ಎಡವಿ, ಒಬ್ಬರಿಗೊಬ್ಬರು ಹೇಳಿಕೊಡುತ್ತ ಓದಿದೆವು: ನಗಾಇಕಿ. ಬಹುಕಾಲ ಬಾಳಿ ಎಂದು ಬರೆದಿದ್ದಳು. ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಅದನ್ನೇ ಬರೆಯುತ್ತಾರಂತೆ. ಇರಲಿ.

ಈಗ ಆಕೆ ಮೂರನೆಯ ಇಯತ್ತೆ. ಅಲ್ಲಿ 200 ಹೊಸವು. ನಮ್ಮಿಂದ ಹಿಡಿಯಲಾಗದಷ್ಟು ಮುಂದೆ ಹೋಗಿಬಿಟ್ಟಿದ್ದಾಳೆ. ಅದಕ್ಕೇ ಒಂದು ಕರಾರು ಮಾಡಿಕೊಂಡೆವು: ಅವಳ ಒಂದು ಅಕ್ಷರಕ್ಕೆ ನಮ್ಮದೊಂದು. ಕಳೆದ ವಾರ ‘ಅ’ ತೋರಿಸಿದ ಕೂಡಲೆ ಕೇಳಿದಳು, “ಎಲ್ಲಿಂದ ಶುರು?” ಸ್ಲೇಟು ಹಿಡಿದು ಇಬ್ಬರೂ ಬರೆದೆವು. ಒಬ್ಬರು ಒಳಗಿನ ಸುರುಳಿಯಿಂದ ಹೊರಟರೆ ಇನ್ನೊಬ್ಬರು ಹೊರಗಿನ ತುದಿಯಿಂದ. ಅರ್ಧ ಶತಮಾನ ಒಂದೇ ಮನೆಯಲ್ಲಿದ್ದೂ ಇದು ನಮಗೆ ಗೊತ್ತಿರಲಿಲ್ಲ. ಬರುವ ಭಾನುವಾರ ಹೇಳುತ್ತೇವೆ ಎಂದಿದ್ದೇವೆ. ಗುರುವಾರವಾಯಿತು, ಇನ್ನೂ ವಾದ ಮುಗಿದಿಲ್ಲ.