ಮನೆಗೆ ಬೆಲೆ ಕಟ್ಟೋರು ಬಂದಿದ್ರು

ಅಕ್ಕನಿಗೆ ಜರ್ಮನಿಯಲ್ಲಿ ಎಂಎಸ್ ಸೀಟು ಸಿಕ್ಕಿದೆ. ಎಜುಕೇಶನ್ ಲೋನ್ 7.5 ಲಕ್ಷ ದಾಟಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಅಡಮಾನ ಕೇಳ್ತಾರೆ. ಹಿಪ್ಪುನೇರಳೆ ತೋಟ ಇದೆಯಲ್ಲ ಸಾರ್ ಅಂತ ಅಪ್ಪ ಅಂದರೆ, ಜಮೀನು ಬೇಡ, ಮನೆ ಇದ್ರೆ ಹೇಳಿ ಅಂದ್ರಂತೆ. ಚನ್ನಪಟ್ಟಣದ ಹತ್ತಿರ ಹಳ್ಳಿಯಲ್ಲಿರೋ ನಮ್ಮ ತಾರಸಿ ಮನೆ, ತಾತ ಕಟ್ಟಿಸಿ 40 ವರ್ಷ ಆಗಿದೆ. ಅದಕ್ಕೆ ಬೆಲೆ ಕಟ್ಟೋಕೆ ಬ್ಯಾಂಕಿನ ವ್ಯಾಲ್ಯೂಯರ್ ಬರ್ತಾರೆ ಅಂತ ಗೊತ್ತಾದ ದಿನದಿಂದ ನಮಗೆ ನಿದ್ದೆ ಇಲ್ಲ.

ಅಮ್ಮ ಮೊದಲು ಹೇಳಿದ್ದು, ಪೇಂಟ್ ಹೊಡೆಸೋಣ. ಬೇಡಮ್ಮ, ಅವರು ಹೆಣ್ಣು ನೋಡೋಕೆ ಬರ್ತಿಲ್ಲ ಅಂದ್ವಿ. ಪೇಂಟಿಗೆ ಅವರ ಲೆಕ್ಕದಲ್ಲಿ ಅಂಥಾ ಬೆಲೆ ಏನಿಲ್ಲ. ಸೋರೋ ತಾರಸಿ, ಗೋಡೆ ಬಿರುಕು ಇಂಥವನ್ನ ಮಾತ್ರ ಬರ್ಕೋತಾರೆ. ಅದಕ್ಕೆ ಇದ್ದ ದುಡ್ಡಲ್ಲಿ ಅಡುಗೆಮನೆ ಮೇಲಿನ ಬಿರುಕು ಮುಚ್ಚಿಸಿದ್ವಿ. ಹಿತ್ತಲ ಮೂಲೆಗಳಲ್ಲಿ ಬೆಳೆದಿದ್ದ ಲಂಟಾನ ಕಡಿದು ಗಡಿ ಕಲ್ಲು ಕಾಣೋ ಹಾಗೆ ಮಾಡಿದ್ವಿ. ಪತ್ರದಲ್ಲಿರೋ ಚಕ್ಕುಬಂದಿಗೂ ನೆಲದ ಮೇಲಿರೋದಕ್ಕೂ ತಾಳೆ ಆಗ್ಲೇಬೇಕಲ್ಲ.

ಹುಳು ಮಾತ್ರ ಏನೂ ಮಾಡೋಕಾಗ್ಲಿಲ್ಲ. ನಾಲ್ಕನೇ ಜ್ವರ ಎದ್ದು ಹಗಲೂ ರಾತ್ರಿ ಸೊಪ್ಪು ತಿಂತಾ ಇದ್ವು. ಆ ಒಂದು ವಾರ ರೇಷ್ಮೆ ಸಾಕೋ ಮನೆಗೆ ಯಾರೇ ಬಂದ್ರೂ ಸೊಪ್ಪಿನ ವಾಸನೆ, ಮಳೆ ಬಂದ ಹಾಗೆ ಚರಪರ ಸದ್ದು ಇದ್ದಿದ್ದೇ. ವ್ಯಾಲ್ಯೂಯರ್ ಟೇಪ್ ಹಿಡಿದು ಹುಳುಮನೆ ಬಾಗಿಲಲ್ಲಿ ನಿಂತು, 'ಶೀಟಿನ ಶೆಡ್ಡಾ?' ಅಂತ ಕೇಳಿ ಮುಂದೆ ಹೋದ್ರು. ನಮ್ಮ ಫೀಸು ಬರ್ತಿರೋದೇ ಆ ಶೆಡ್ಡಿಂದ ಅಂತ ಅವರಿಗೆ ಹೇಗೆ ಹೇಳೋದು!

ಲೆಕ್ಕ ಹೀಗೆ. ಜಾಗಕ್ಕೆ ಒಂದು ಬೆಲೆ, ಕಟ್ಟಡಕ್ಕೆ ಒಂದು ಬೆಲೆ. ಸಿವಿಲ್‌ನವರಿಗೆ ಗೊತ್ತಿರುತ್ತೆ: ಕಟ್ಟಡದ ಆಯಸ್ಸು 60 ವರ್ಷ, ಕೊನೆಗೆ ಉಳಿಯೋದು 10% ಅಂತ ಇಟ್ಕೊಂಡ್ರೆ, 40 ವರ್ಷಕ್ಕೆ 60% ಡಿಪ್ರಿಸಿಯೇಷನ್. ಇವತ್ತು ಹೊಸದಾಗಿ ಕಟ್ಟಿಸೋಕೆ 10 ಲಕ್ಷ ಆಗೋ ಮನೆಗೆ 4 ಲಕ್ಷ. ಜಾಗದ ಬೆಲೆ ಮಾತ್ರ ಏರ್ತಾನೇ ಇದೆ. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಶುರುವಾದ ಮೇಲಂತೂ ನಮ್ಮ ಕಡೆ ಎಲ್ಲರ ಬಾಯಲ್ಲೂ ಚದರಡಿ ಮಾತೇ. ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟಿದ್ದಾರಲ್ಲ, ಅದಕ್ಕೆ ಎಷ್ಟು ಸೇರಿಸ್ತೀರಾ ಅಂತ ಅಪ್ಪ ಕೇಳಿದ್ರು. ವ್ಯಾಲ್ಯೂಯರ್ ನಕ್ಕು ಮನೆ ಮುಂದಿನ ರಸ್ತೆ ಎಷ್ಟಡಿ ಅಂತ ಅಳೆಯೋಕೆ ಹೋದ್ರು.

ಕಷ್ಟ ಇರೋದು ಅಳತೆಯಲ್ಲಿ ಅಲ್ಲ, ಕಾಗದದಲ್ಲಿ. ಖಾತೆ ಇನ್ನೂ ತಾತನ ಹೆಸರಲ್ಲೇ ಇತ್ತು. ಪೌತಿ ಖಾತೆ ಆಗಬೇಕು, ಅದಕ್ಕೆ ವಂಶವೃಕ್ಷ ಬೇಕು. ಪಂಚಾಯ್ತಿಯಿಂದ ಇ-ಸ್ವತ್ತಿನ ನಮೂನೆ 9, ನಮೂನೆ 11, ಸಬ್ ರಿಜಿಸ್ಟ್ರಾರ್ ಕಡೆಯಿಂದ ಇಸಿ. ಇದಕ್ಕೇ ಎರಡು ತಿಂಗಳು ಹೋಯ್ತು. ಈಗ ಖಾತೆ ಅಜ್ಜಿ ಹೆಸರಿಗೆ ಬಂದಿದೆ. ಆದರೂ ಬ್ಯಾಂಕಿನ ಲಾಯರ್, ವಂಶವೃಕ್ಷದಲ್ಲಿ ಇರೋರೆಲ್ಲ ಒಪ್ಪಿಗೆ ಸಹಿ ಹಾಕಬೇಕು ಅಂದಿದ್ದಾರೆ. ಅಂದ್ರೆ ಇಬ್ಬರು ಅತ್ತೆಯಂದಿರೂ ಹಾಕಬೇಕು.

ಕನಕಪುರದ ಅತ್ತೆ ಬಸ್ಸಿಳಿದು ಬಂದು, ಕಾಫಿಗೂ ಮೊದಲು ಸಹಿ ಹಾಕಿ ಹೋದ್ರು. ಮಾಗಡಿ ಅತ್ತೆ, 'ಯೋಚನೆ ಮಾಡಿ ಹೇಳ್ತೀನಿ ಕಣಣ್ಣ' ಅಂದ್ರು. ನಮಗೆ ಸಿಟ್ಟು ಬಂತು, ನಿಜ. ಆದರೆ ಅಜ್ಜಿ ಬೈಯೋಕೆ ಬಿಡಲಿಲ್ಲ. 'ಅವಳ ಪಾಲೂ ಅಲ್ವೇನಪ್ಪ? ಮದುವೆ ಮಾಡಿ ಕಳಿಸಿದ್ಮೇಲೆ ಈ ಮನೇದು ಅಂತ ಅವಳನ್ನ ಯಾರು ಏನ್ ಕೇಳಿದ್ರಿ?' ಅಂದ್ರು. ಅತ್ತೆಗೂ ಪಿಯುಸಿ ಓದೋ ಮಗಳಿದ್ದಾಳೆ. ನಾಳೆ ಅವಳಿಗೆ ಸಾಲ ಬೇಕಾದ್ರೆ ಇದೇ ಮನೆ ಸಿಗುತ್ತಾ ಅನ್ನೋದು ಅತ್ತೆ ಪ್ರಶ್ನೆ. ಅಪ್ಪನ ಹತ್ರ ಉತ್ತರ ಇರಲಿಲ್ಲ. ನಮ್ಮ ಹತ್ರಾನೂ ಇಲ್ಲ.

ವ್ಯಾಲ್ಯೂಯೇಷನ್ ರಿಪೋರ್ಟ್ ಬಂದಾಯ್ತು, ಸಾಲಕ್ಕೆ ಸಾಕಾಗುವಷ್ಟು ಬೆಲೆ ಬಂದಿದೆ. ಹುಳು ಗೂಡು ಕಟ್ಟಿವೆ, ಅಪ್ಪ ರಾಮನಗರ ಮಾರ್ಕೆಟ್ಟಿಗೆ ಗೂಡು ಹಾಕಿ ಬಂದ್ರು. ಭಾನುವಾರ ಅಜ್ಜಿ, ಅಕ್ಕ ಎಲ್ಲ ಸೇರಿ ಮಾಗಡಿಗೆ ಹೋಗ್ತಿದ್ದೀವಿ. ಕಾಗದ ಬ್ಯಾಗಲ್ಲಿರುತ್ತೆ, ಅತ್ತೆ ಕೇಳಿದ್ರೆ ಮಾತ್ರ ತೆಗೀಬೇಕು ಅಂತ ಅಜ್ಜಿ ಆರ್ಡರ್ ಮಾಡಿದ್ದಾರೆ.