ಸೋಲುವುದು ಬೇರೆ, ಉರುಳುವುದು ಬೇರೆ

ಒಂದು ಭಾಷೆಯ ಒಂದೇ ಪದ ಮತ್ತೊಂದು ಭಾಷೆಗೆ ಬರುವಾಗ ಹಲವು ಪದಗಳಾಗಿ ಕವಲೊಡೆಯುವುದುಂಟು. ಇಂಗ್ಲಿಷಿನ ‘ಓವರ್‌ಥ್ರೋ’ ಎಂಬುದು ಅಂತಹ ಪದ. ಅರಸನನ್ನು ಸಿಂಹಾಸನದಿಂದ ಇಳಿಸಿದರೂ, ಸರ್ಕಾರವನ್ನು ಉರುಳಿಸಿದರೂ, ಶತ್ರುವನ್ನು ಸೋಲಿಸಿದರೂ ಅಲ್ಲಿ ಅದೊಂದೇ ಪದ ಸಲ್ಲುತ್ತದೆ. ಕನ್ನಡದಲ್ಲಿ ಹಾಗಲ್ಲ. ಯಾರು ಕೆಡವಿದರು, ಹೇಗೆ ಕೆಡವಿದರು, ಬಿದ್ದವರು ಮತ್ತೆ ಏಳಬಲ್ಲರೇ ಎಂಬುದನ್ನೆಲ್ಲ ವಿಚಾರಿಸಿಯೇ ನಾವು ಪದವನ್ನು ಆರಿಸಬೇಕಾಗುತ್ತದೆ.

ನಾವು ವಾಸಿಸುವ ಮೈಸೂರಿನ ಗೋಕುಲಂ ಬಡಾವಣೆಯಲ್ಲಿ ಇಂಗ್ಲಿಷಿಗೆ ಬರವಿಲ್ಲ. ಪಟ್ಟಾಭಿ ಜೋಯಿಸರ ಯೋಗಶಾಲೆಯು 2002ರಲ್ಲಿ ಲಕ್ಷ್ಮೀಪುರಂನಿಂದ ಇಲ್ಲಿಗೆ ಬಂದ ತರುವಾಯ, ಯೋಗಾಭ್ಯಾಸಕ್ಕೆಂದು ಬರುವ ಪರದೇಶದವರ ಓಡಾಟ ನಮ್ಮ ಬೀದಿಗಳಿಗೆ ವಾಡಿಕೆಯಾಯಿತು. ಮಕ್ಕಳ ಬಾಯಲ್ಲಿ ಇಂಗ್ಲಿಷ್ ಸರಾಗವಾಗಿ ಹರಿಯುತ್ತದೆ. ಅದನ್ನೇ ಕನ್ನಡದಲ್ಲಿ ಹೇಳಿರೆಂದರೆ ತಡವರಿಸುತ್ತಾರೆ. ಪ್ರೌಢಶಾಲೆಯಲ್ಲಿ ಓದುವ ನಮ್ಮ ಮೊಮ್ಮಗಳು ಒಂದು ಸಂಜೆ, “ತಾತ, 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಓವರ್‌ಥ್ರೋ ಮಾಡಿದರು ಅಂತ ಬರೆದಿದ್ದೇನೆ. ಕನ್ನಡದಲ್ಲಿ ‘ಸೋಲಿಸಿದರು’ ಅನ್ನಲೋ, ‘ಉರುಳಿಸಿದರು’ ಅನ್ನಲೋ?” ಎಂದು ಕೇಳಿದಳು.

ಎರಡೂ ಸಲ್ಲವೆಂದು ನಾವು ಹೇಳಿದೆವು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದಾಗ ‘ಸೋಲಿಸಿದರು’ ಎಂಬ ಮಾತು ಒಪ್ಪುತ್ತದೆ, ಅಲ್ಲಿ ಯುದ್ಧವಿತ್ತು. 1831ರಲ್ಲಿ ಬ್ರಿಟಿಷರಿಗೂ ಅರಸರಿಗೂ ಯುದ್ಧ ನಡೆಯಲಿಲ್ಲ. ನಗರ ಸೀಮೆಯ ರೈತರ ದಂಗೆಯನ್ನೂ ಆಡಳಿತದ ಕುಂದುಗಳನ್ನೂ ಮುಂದೊಡ್ಡಿ ಕಂಪನಿ ಸರ್ಕಾರವು ರಾಜ್ಯಭಾರವನ್ನು ತನ್ನ ಕೈಗೆ ತೆಗೆದುಕೊಂಡಿತು. ಒಡೆಯರು ಅರಮನೆಯಲ್ಲಿಯೇ ಉಳಿದರು; ಪ್ರಜೆಗಳ ಪಾಲಿಗೆ ಅವರೇ ಅರಸರು. ರಾಜ್ಯಭಾರವಿಲ್ಲದ ಆ ದೀರ್ಘಕಾಲದಲ್ಲಿಯೂ ಅವರು ಸಾಹಿತ್ಯ, ಸಂಗೀತ, ಚಿತ್ರಕಲೆಗಳನ್ನು ಪೋಷಿಸಿದರು. ‘ಶ್ರೀತತ್ತ್ವನಿಧಿ’ಯಂತಹ ಸಚಿತ್ರ ಗ್ರಂಥವು ಅವರ ಹೆಸರಿನೊಡನೆ ಉಳಿಯಿತು. 1868ರಲ್ಲಿ ಅವರು ಕಾಲವಾದರು. 1881ರಲ್ಲಿ ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಆಡಳಿತವು ಮರಳಿತು. ಆದುದರಿಂದ ‘ಆಡಳಿತವನ್ನು ಕಸಿದುಕೊಂಡರು’ ಎಂಬುದೇ ಸತ್ಯಕ್ಕೆ ಸಮೀಪದ ಮಾತು. ಕಸಿದುಕೊಂಡದ್ದನ್ನು ಎಂದಾದರೂ ಹಿಂದಿರುಗಿಸಬಹುದು, ಉರುಳಿಸಿದ್ದನ್ನು ಹಿಂದಿರುಗಿಸುವುದೆಂತು?

ಪ್ರಜಾಪ್ರಭುತ್ವದ ಈ ಕಾಲದಲ್ಲಿಯೂ ಪದಗಳ ಈ ಭೇದ ಅಳಿದಿಲ್ಲ. 1989ರ ಏಪ್ರಿಲ್ 21ರಂದು ಎಸ್. ಆರ್. ಬೊಮ್ಮಾಯಿಯವರ ಸರ್ಕಾರವು ‘ವಜಾ’ ಆಯಿತು. ಅದು ಮೇಲಿನಿಂದ ಬಂದ ಆಜ್ಞೆ. ಬಹುಮತವಿದೆಯೋ ಇಲ್ಲವೋ ಎಂಬುದು ಸದನದಲ್ಲಿಯೇ ತೀರ್ಮಾನವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 1994ರ ಮಾರ್ಚ್ 11ರಂದು ಅದೇ ಪ್ರಕರಣದಲ್ಲಿ ಹೇಳಿತು. 2019ರ ಜುಲೈ 23ರಂದು ಎಚ್. ಡಿ. ಕುಮಾರಸ್ವಾಮಿಯವರ ಸರ್ಕಾರವು ವಿಧಾನಸಭೆಯಲ್ಲಿ ಪರ 99, ವಿರುದ್ಧ 105 ಮತಗಳಿಂದ ವಿಶ್ವಾಸಮತವನ್ನು ಕಳೆದುಕೊಂಡಿತು. ಆಗ ‘ಸರ್ಕಾರ ಸೋತಿತು’ ಎಂದರೆ ಮತಗಳ ಎಣಿಕೆ. ‘ಉರುಳಿತು’ ಎಂದರೆ ತಾನಾಗಿ ಬಿದ್ದ ಹಾಗೆ. ‘ಉರುಳಿಸಿದರು’ ಎಂದರೆ ಯಾರದೋ ಕೈವಾಡ. ‘ಇಸು’ ಎಂಬ ಒಂದು ಪ್ರತ್ಯಯವು ಸೇರಿದೊಡನೆ ಮಾತಿನೊಳಗೆ ಆರೋಪವೊಂದು ಬಂದು ಕೂರುತ್ತದೆ. ಪತ್ರಿಕೆ ಓದುವವರು ಇದನ್ನು ಗಮನಿಸಬೇಕು.

ನಮ್ಮ ಊರಿನ ಗರಡಿಮನೆಗಳಿಗೂ ತಮ್ಮದೇ ಪದವಿದೆ. ದಸರೆಯ ಕುಸ್ತಿಯಲ್ಲಿ ಎದುರಾಳಿಯ ಬೆನ್ನನ್ನು ಮಣ್ಣಿಗೆ ತಾಗಿಸಿದರೆ ‘ಚಿತ್ ಮಾಡಿದ’ ಎನ್ನುತ್ತಾರೆ. ಚಿತ್ ಆದವನು ಮೈಮೇಲಿನ ಮಣ್ಣನ್ನು ಕೊಡವಿಕೊಂಡು ಏಳುತ್ತಾನೆ, ಮುಂದಿನ ವರ್ಷ ಮತ್ತೆ ಕಣಕ್ಕೆ ಇಳಿಯುತ್ತಾನೆ.

ಇವೆಲ್ಲಕ್ಕಿಂತ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸುವುದು ‘ಸೋಲು’ ಎಂಬ ಪದ. ಬಹುದೂರ ನಡೆದವರು “ಕಾಲು ಸೋತವು” ಎನ್ನುತ್ತಾರೆ. ಚೆಲುವಿಗೆ, ಗುಣಕ್ಕೆ, ಇಂಪಾದ ಹಾಡಿಗೆ ನಾವು ‘ಮನಸೋಲು’ತ್ತೇವೆ. ಇಂಗ್ಲಿಷಿನ ಆ ಪದದೊಳಗೆ ಎತ್ತಿ ಎಸೆಯುವ ಕ್ರಿಯೆಯಿದೆ. ಕನ್ನಡದ ಸೋಲಿನೊಳಗೆ ದಣಿವೂ ಇದೆ, ಒಲವೂ ಇದೆ. ದಣಿದವರು ವಿಶ್ರಮಿಸಿ ಮತ್ತೆ ನಡೆಯಬಲ್ಲರು. ಸೋತವರಿಗೂ ಹಾಗೆಯೇ ನಾಳೆಯೊಂದು ಉಂಟೆಂಬ ಅರಿವು ನಮ್ಮ ನುಡಿಯಲ್ಲಿಯೇ ಅಡಗಿದೆ.

ಇದು ಕೇವಲ ನಿಘಂಟಿನ ವಿಚಾರವಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳೊಬ್ಬರ ಮಗ ದ್ವಿತೀಯ ಪಿಯುಸಿಯಲ್ಲಿ ಒಂದು ವಿಷಯದಲ್ಲಿ ತೇರ್ಗಡೆಯಾಗಲಿಲ್ಲ. ಸಮಾಧಾನ ಹೇಳಲು ಬಂದವರೆಲ್ಲರೂ “ಹುಡುಗ ಬಿದ್ದುಹೋದನಂತಲ್ಲ” ಎಂದೇ ಮಾತು ತೆಗೆಯುತ್ತಿದ್ದರು. ಹುಡುಗ ಒಳಕೋಣೆಯಿಂದ ಹೊರಬರಲಿಲ್ಲ, ಊಟಕ್ಕೂ ಏಳಲಿಲ್ಲ. ಮನೆಯ ಹಿರಿಯ ಅಜ್ಜಿ ಮಾತ್ರ ಗದರಿಕೊಂಡರು: “ಬಿದ್ದೋದ ಬಿದ್ದೋದ ಅಂತ ಯಾಕ್ರಪ್ಪ ಅಂತೀರಿ? ಮಗು ಸೋತೈತೆ. ಸೋತು ಬಂದವರಿಗೆ ಮೊದಲು ನೀರು ಕೊಡಬೇಕು, ಆಮೇಲೆ ಮಾತು.” ತಾವೇ ಮಜ್ಜಿಗೆಯ ಲೋಟ ಹಿಡಿದು ಒಳಗೆ ಹೋದರು. ಪೂರಕ ಪರೀಕ್ಷೆಯಲ್ಲಿ ಆ ಹುಡುಗ ತೇರ್ಗಡೆಯಾದ.

ಪರೀಕ್ಷೆ, ವ್ಯಾಪಾರ, ಚುನಾವಣೆ, ಬೇಸಾಯ, ಯಾವುದರಲ್ಲಿಯೇ ಆಗಲಿ, ನಮ್ಮ ಮನೆಗಳಿಗೆ ಸೋಲು ಬಾರದೆ ಇರದು. ಬಂದಾಗ ಯಾವ ಪದವನ್ನು ಆಡುತ್ತೇವೆಂಬುದು ನಮ್ಮ ಕೈಯಲ್ಲಿದೆ. ಓದುಗ ಬಂಧುಗಳು ತಮ್ಮ ಮಕ್ಕಳಿಗೆ ಇಂಗ್ಲಿಷನ್ನು ಅಗತ್ಯವಾಗಿ ಕಲಿಸಲಿ. ಅದರೊಡನೆ ‘ಉರುಳಿದ’ ಎಂಬುದಕ್ಕೂ ‘ಸೋತ’ ಎಂಬುದಕ್ಕೂ ಇರುವ ಅಂತರವನ್ನು ಕನ್ನಡದಲ್ಲಿಯೇ ತಿಳಿಸಿಕೊಡಲಿ.